ಬಳ್ಳಾರಿಯ ಹಳೆಯ ಎಸ್ಪ್ರೆಸ್ಸೊ ಯಂತ್ರ ಬೆಂಗಳೂರಿನ ಕಾಫಿ ಮೇಳಕ್ಕೆ ಹೋಗಿ ಬಂದ ದಾಖಲೆ

ನಾನು ಬಳ್ಳಾರಿಯ ಒಂದು ಸಣ್ಣ ಕಾಫಿ ಅಂಗಡಿಯಲ್ಲಿ ಆರು ವರ್ಷಗಳಿಂದ ಬರಿಸ್ತಾ ಆಗಿ, ಅಂದರೆ ಯಂತ್ರದಲ್ಲಿ ಕಾಫಿ ಮಾಡಿಕೊಡುವ ಕೆಲಸ ಮಾಡುತ್ತಿದ್ದೇನೆ. ನಮಗೆ ಬೀಜ ಕಳುಹಿಸುವ ಚಿಕ್ಕಮಗಳೂರು ಕಡೆಯ ತೋಟದ ಸಾಹುಕಾರರು ಜನವರಿ ಮೊದಲ ವಾರ ಫೋನು ಮಾಡಿ, ತಿಂಗಳ ಕೊನೆಗೆ ಬೆಂಗಳೂರಿನಲ್ಲಿ ನಡೆಯುವ ಕಾಫಿ ವ್ಯಾಪಾರ ಮೇಳದಲ್ಲಿ ತಾವು ಮಳಿಗೆ ಹಿಡಿದಿರುವುದಾಗಿಯೂ, ಮೂರು ದಿನ ಅಲ್ಲಿ ಕಾಫಿ ಮಾಡಿಕೊಡಲು ನಾನು ಬರಬೇಕೆಂದೂ ಕೇಳಿದರು. ಯಂತ್ರವನ್ನು ಬಾಡಿಗೆಗೆ ವಿಚಾರಿಸಿದಾಗ ಮೂರು ದಿನಕ್ಕೆ 36,000 ರೂಪಾಯಿ, ಅದರ ಮೇಲೆ ಶೇ. 18 ಜಿಎಸ್‌ಟಿ ಎಂದರು. ನಮ್ಮ ಅಂಗಡಿಯ ಹಿಂದಿನ ಕೋಣೆಯಲ್ಲಿ ಹದಿನಾಲ್ಕು ತಿಂಗಳಿಂದ ಗೋಣಿಚೀಲ ಹೊದ್ದು ಕುಳಿತಿದ್ದ ಎರಡು ಗ್ರೂಪಿನ (ಬಿಸಿನೀರು ಒತ್ತಡದಲ್ಲಿ ಕಾಫಿ ಪುಡಿಯ ಮೂಲಕ ಇಳಿಯುವ ಎರಡು ತಲೆಗಳಿರುವ) ಹಳೆಯ ಎಸ್ಪ್ರೆಸ್ಸೊ ಯಂತ್ರ ನನ್ನ ಕಣ್ಣಿಗೆ ಬಿದ್ದದ್ದು ಆಗ. ಅದನ್ನೇ ಸರಿಮಾಡಿ ಒಯ್ಯುತ್ತೇನೆಂದು ನಾನು ಒಪ್ಪಿಕೊಂಡೆ. ಖರ್ಚಿಗೆಂದು ಸಾಹುಕಾರರು 40,000 ರೂಪಾಯಿ ಕೊಡುವುದೆಂದು ಮಾತಾಯಿತು. ಮುಂದೆ ಬರೆದಿರುವುದು ಆ ನಾಲ್ಕು ವಾರಗಳ ಲೆಕ್ಕ. ಇಂಥ ಕೆಲಸಕ್ಕೆ ಕೈಹಾಕುವ ಇನ್ನೊಬ್ಬರು ನಾನು ಎಡವಿದ ಜಾಗಗಳನ್ನಾದರೂ ದಾಟಿಕೊಳ್ಳಲಿ ಎಂದು, ಎಡವಿದ್ದನ್ನು ಮುಚ್ಚಿಡದೆ ಬರೆದಿದ್ದೇನೆ.

ಹಂತ 1: ಯಂತ್ರದ ಸ್ಥಿತಿ (ಜನವರಿ 4)

ತಾಮ್ರದ ಬಾಯ್ಲರು, 11 ಲೀಟರು. ಒಳಗೇ ಕೂಡಿಸಿದ ರೋಟರಿ ಪಂಪು. ಹಿಂಬದಿಯ ತಗಡಿನ ಮೇಲೆ 230 ವೋಲ್ಟ್, 3,600 ವ್ಯಾಟ್ ಎಂದು ಬರೆದಿದೆ. ತೂಕ ಎಷ್ಟೆಂದು ಯಾರಿಗೂ ಗೊತ್ತಿರಲಿಲ್ಲವಾದ್ದರಿಂದ, ಪಕ್ಕದ ಬೀದಿಯ ಮೆಣಸಿನಕಾಯಿ ವ್ಯಾಪಾರಿಯ ತೂಕದ ಯಂತ್ರದ ಮೇಲೆ ನಾಲ್ವರು ಎತ್ತಿಟ್ಟು ನೋಡಿದೆವು: 64 ಕಿಲೊ. ಆ ದಿನವಿಡೀ ಅಂಗಡಿಯಲ್ಲಿ ಎಲ್ಲರೂ ಸೀನಿದರು.

ನೀರು ತುಂಬಿಸಿ ಚಾಲೂ ಮಾಡಿದಾಗ ಮೂರು ದೋಷಗಳು ಕಂಡವು. ಎರಡೂ ಗ್ರೂಪುಗಳ ಗ್ಯಾಸ್ಕೆಟ್ಟು (ಸೋರದಂತೆ ತಡೆಯುವ ರಬ್ಬರು ಬಳೆ) ಒಣಗಿ ಪ್ಲಾಸ್ಟಿಕ್ಕಿನಂತೆ ಗಟ್ಟಿಯಾಗಿ, ಕಾಫಿ ಪುಡಿ ತುಂಬಿ ಸಿಕ್ಕಿಸುವ ಹ್ಯಾಂಡಲಿನ ಸುತ್ತ ನೀರು ಸೋರುತ್ತಿತ್ತು. ಬಾಯ್ಲರು ಕಾಯುವಾಗ ಒಳಗಿನ ಗಾಳಿಯನ್ನು ಹೊರಬಿಡುವ ವ್ಯಾಕ್ಯೂಮ್ ವಾಲ್ವು ಮುಚ್ಚಿದ ಸ್ಥಿತಿಯಲ್ಲೇ ಹಿಡಿದುಕೊಂಡಿದ್ದರಿಂದ, ಒಳಗೆ ಸಿಕ್ಕಿಕೊಂಡ ಗಾಳಿಯ ಒತ್ತಡವನ್ನೇ ಮುಳ್ಳು ಹಬೆಯ ಒತ್ತಡವೆಂದು ತೋರಿಸುತ್ತಿತ್ತು, ಮುಳ್ಳು 1.1 ಬಾರ್ ಎನ್ನುತ್ತಿದ್ದರೂ ಹಬೆ ಕೊಳವೆ ತೆರೆದರೆ ಎರಡು ಸೆಕೆಂಡು ಬುಸುಗುಟ್ಟಿ ಸುಮ್ಮನಾಗುತ್ತಿತ್ತು. ಮೂರನೆಯದು ಸುಣ್ಣದ ಪದರ. ಬಳ್ಳಾರಿಯ ಬೋರಿನ ನೀರು ಕುದಿಸಿದ ಪಾತ್ರೆಯ ತಳವನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಮ್ಮ ಅಂಗಡಿಯ ಬೋರಿನ ನೀರಿನ ಟಿಡಿಎಸ್ (ಒಂದು ಲೀಟರಿನಲ್ಲಿ ಕರಗಿರುವ ಲವಣ, ಮಿಲಿಗ್ರಾಂ ಲೆಕ್ಕದಲ್ಲಿ) ಅನ್ನು ನಾನು ಅಳೆದಾಗ 1,140 ಬಂತು. ಈ ಯಂತ್ರ ಮೊದಲ ಒಂದು ವರ್ಷ ಅದೇ ನೀರನ್ನು ಕುಡಿದಿತ್ತು.

ಸೇಫ್ಟಿ ವಾಲ್ವನ್ನು ಮಾತ್ರ ನಾನು ನಂಬಲಿಲ್ಲ. ಬಿಚ್ಚಿ, ತೊಳೆದು, ಒತ್ತಡ ಏರಿಸಿ ಅದು ತಾನಾಗಿ ತೆರೆಯುತ್ತದೆಯೇ ಎಂದು ದೂರ ನಿಂತು ನೋಡಿದ ಮೇಲೆಯೇ ಮುಂದಿನ ಕೆಲಸಕ್ಕೆ ಹೋದೆ.

ಹಂತ 2: ಸುಣ್ಣ ತೆಗೆದದ್ದು, ಮತ್ತು ಮೊದಲ ತಪ್ಪು (ಜನವರಿ 5 ರಿಂದ 8)

ಸರಿಯಾದ ವಿಧಾನವೆಂದರೆ ಬಾಯ್ಲರಿನ ಮುಚ್ಚಳದ ಬೋಲ್ಟುಗಳನ್ನು ಬಿಚ್ಚಿ, ಹೀಟರು ಹೊರತೆಗೆದು, ಒಳಗಿನ ಪದರವನ್ನು ಕೈಯಿಂದ ಕೆರೆದು ಶುಚಿಮಾಡುವುದು. ಬೋಲ್ಟುಗಳು ತುಕ್ಕು ಹಿಡಿದಿದ್ದವು, ಮುರಿದರೆ ಮೇಳವೇ ಕೈತಪ್ಪುತ್ತದೆಂಬ ಭಯಕ್ಕೆ ನಾನು ಅಡ್ಡದಾರಿ ಹಿಡಿದೆ. ಕಿರಾಣಿ ಅಂಗಡಿಯಿಂದ ಒಂದು ಕಿಲೊ ಸಿಟ್ರಿಕ್ ಆಮ್ಲ, ಅಂದರೆ ನಮ್ಮಲ್ಲಿ ನಿಂಬೆ ಉಪ್ಪು ಎನ್ನುವುದನ್ನು, 160 ರೂಪಾಯಿಗೆ ತಂದು, 10 ಲೀಟರು ಬಿಸಿನೀರಿಗೆ 500 ಗ್ರಾಂ ಕರಗಿಸಿ ಬಾಯ್ಲರಿಗೂ ಗ್ರೂಪಿಗೆ ನೀರು ಹೋಗುವ ಕೊಳವೆಗಳಿಗೂ ತುಂಬಿಸಿ ರಾತ್ರಿಯಿಡೀ ಬಿಟ್ಟೆ. ಮರುದಿನ ಹೊರಬಂದ ನೀರು ಸುಣ್ಣ ಕಲಸಿದ ಮಜ್ಜಿಗೆಯಂತಿತ್ತು. ಇನ್ನೊಂದು ಸುತ್ತಿಗೆ ಉಳಿದ 500 ಗ್ರಾಂ ಹಾಕಿದೆ. ನಾಲ್ಕು ಬಾರಿ ಬರಿನೀರಿನಿಂದ ತೊಳೆದೆ.

ಪದರ ಪೂರ್ತಿ ಕರಗಿರಲಿಲ್ಲ. ಸಡಿಲವಾಗಿ ಚಕ್ಕೆಚಕ್ಕೆಯಾಗಿ ಬಿಟ್ಟಿತ್ತು. ಆ ಚಕ್ಕೆಗಳು ನೀರಿನ ಜೊತೆ ಹರಿದು ಎಡಗಡೆಯ ಗ್ರೂಪಿಗೆ ನೀರನ್ನು ಹದವಾಗಿ ಬಿಡುವ ಜೆಟ್ಟಿನಲ್ಲಿ ಸಿಕ್ಕಿಕೊಂಡವು. ಜೆಟ್ಟಿನ ರಂಧ್ರ ಒಂದು ಮಿಲಿಮೀಟರಿಗೂ ಕಡಿಮೆ. ಎಡಗಡೆ ನೀರು ತೊಟ್ಟಿಕ್ಕತೊಡಗಿತು, ಬಲಗಡೆ ಸರಿಯಾಗಿ ಬರುತ್ತಿತ್ತು. ಜೆಟ್ಟನ್ನು ಬಿಚ್ಚಿ ಸೂಜಿ ತೂರಿಸಿದರೆ ಹಿತ್ತಾಳೆಯ ರಂಧ್ರ ಅಗಲವಾಗುವ ಅಪಾಯವಿತ್ತಾದ್ದರಿಂದ, ವೈರಿನೊಳಗಿನ ತಾಮ್ರದ ಒಂದೇ ಎಳೆಯನ್ನು ತೂರಿಸಿ ತೆರವು ಮಾಡಿದೆ. ಮೂರು ದಿನದಲ್ಲಿ ಇದೇ ಕೆಲಸವನ್ನು ಐದು ಸಲ ಮಾಡಬೇಕಾಯಿತು. ಬೋಲ್ಟು ಬಿಚ್ಚಲು ಹೆದರಿ ಉಳಿಸಿಕೊಂಡ ಅರ್ಧ ದಿನ, ಮೂರು ದಿನವಾಗಿ ಹಿಂದಿರುಗಿ ಬಂತು.

ಗ್ಯಾಸ್ಕೆಟ್ಟಿನದು ಸಣ್ಣ ಕಥೆ. ಹಳೆಯದಕ್ಕೆ ಎರಡು ಕಡೆ ತಿರುಪು ಕೂರಿಸಿ ಇಕ್ಕಳದಿಂದ ಎಳೆದರೆ ತುಂಡುತುಂಡಾಗಿ ಬಂತು. ಹೊಸದನ್ನು ಬೆಂಗಳೂರಿನಿಂದ ಕೊರಿಯರಿನಲ್ಲಿ ತರಿಸಿದೆ. ಹೊರವ್ಯಾಸ 73, ಒಳವ್ಯಾಸ 57 ಎಂದು ಸರಿಯಾಗಿ ಹೇಳಿ, ದಪ್ಪವನ್ನು ಅಳೆಯದೆ 8.5 ಮಿಲಿಮೀಟರಿನದನ್ನು ಹೇಳಿದ್ದೆ. ಹ್ಯಾಂಡಲು ಅರ್ಧದಲ್ಲೇ ಬಿಗಿಯಾಗಿ ನಿಂತಿತು. 8 ಮಿಲಿಮೀಟರಿನದು ಮತ್ತೆ ನಾಲ್ಕು ದಿನಕ್ಕೆ ಬಂತು. ಜೋಡಿಗೆ 560, ಕೊರಿಯರಿಗೆ 150, ಎಲ್ಲವೂ ಎರಡೆರಡು ಸಲ. ವ್ಯಾಕ್ಯೂಮ್ ವಾಲ್ವು ಹೊಸದು, 900 ರೂಪಾಯಿ, ಒಂದೇ ಸಲಕ್ಕೆ ಕೂತಿತು.

ಹಂತ 3: ವಿದ್ಯುತ್ತು (ಜನವರಿ 9)

ಮೇಳದವರ ಅರ್ಜಿಯಲ್ಲಿ ಎಷ್ಟು ಕಿಲೊವ್ಯಾಟ್ ಬೇಕೆಂದು ಮೊದಲೇ ಬರೆದು ಹಣ ಕಟ್ಟಬೇಕು. ಸಾಹುಕಾರರು ನನ್ನನ್ನು ಕೇಳುವ ಮೊದಲೇ 3 ಎಂದು ಬರೆದು ಕಟ್ಟಿಬಿಟ್ಟಿದ್ದರು. ಮಳಿಗೆಗೆ ಸಿಗುವುದು ಒಂದು 16 ಆಂಪಿಯರಿನ ಪಾಯಿಂಟು. ಯಂತ್ರವೊಂದೇ 3,600 ವ್ಯಾಟ್ ಎಂದರೆ 15.6 ಆಂಪಿಯರು, ಅದರ ಜೊತೆ ಕಾಫಿ ಬೀಸುವ ಗ್ರೈಂಡರು, ಕೆಟಲು. ಮೊದಲ ದಿನ ಮೊದಲ ಗಂಟೆಯಲ್ಲೇ ಎಂಸಿಬಿ (ಮಿತಿ ಮೀರಿ ವಿದ್ಯುತ್ತು ಎಳೆದರೆ ತಾನಾಗಿ ಆರುವ ಸ್ವಿಚ್ಚು) ಬೀಳುವುದು ಖಚಿತವಿತ್ತು.

ಹೀಟರಿನ ತುದಿಯಲ್ಲಿ ಆರು ಟರ್ಮಿನಲ್ಲುಗಳಿದ್ದವು. ಅಂದರೆ ಒಳಗೆ ಮೂರು ಬೇರೆಬೇರೆ ಸುರುಳಿಗಳಿದ್ದು, ಮೂರನ್ನೂ ಸಮಾಂತರವಾಗಿ ಜೋಡಿಸಲಾಗಿತ್ತು. ಪ್ಲಗ್ಗು ಕಿತ್ತು, ಜೋಡಣೆ ಬಿಚ್ಚಿ ಮಲ್ಟಿಮೀಟರಿನಲ್ಲಿ ಅಳೆದಾಗ 44, 45, 44 ಓಮ್ ಬಂತು; ಒಂದೊಂದೂ ಸುಮಾರು 1,200 ವ್ಯಾಟ್. ನಮ್ಮ ಅಂಗಡಿಗೆ ಬರುವ ಎಲೆಕ್ಟ್ರಿಷಿಯನ್ನರನ್ನು ಕರೆಸಿ, ಒಂದು ಸುರುಳಿಯನ್ನು ಬಿಡಿಸಿ ಅದರ ತುದಿಗಳನ್ನು ಶಾಖ ತಡೆಯುವ ತೋಳಿನಲ್ಲಿ ಮುಚ್ಚಿಸಿದೆ. ಈಗ ಯಂತ್ರ ಎಳೆಯುವುದು 2,400 ವ್ಯಾಟ್, ಅಂದರೆ ಹತ್ತೂವರೆ ಆಂಪಿಯರು. 4 ಚದರ ಮಿಲಿಮೀಟರಿನ ಮೂರೆಳೆಯ ಕೇಬಲ್ಲು 10 ಮೀಟರು, ಎಂಸಿಬಿ, ಅರ್ತ್ ಲೀಕೇಜ್ ಬ್ರೇಕರು, ಡಬ್ಬ, ಕೂಲಿ ಎಲ್ಲ ಸೇರಿ 2,160.

ಇದಕ್ಕೆ ತೆತ್ತ ಬೆಲೆ ಬೇರೆ. ತಣ್ಣಗಿನ ಯಂತ್ರ ಕಾಯಲು ಮೊದಲು 22 ನಿಮಿಷ ಸಾಕಾಗುತ್ತಿತ್ತು, ಈಗ 34. ಒಂದರ ಹಿಂದೊಂದು ಮೂರು ಜಗ್ಗು ಹಾಲು ಕಾಯಿಸಿದರೆ ಹಬೆಯ ಒತ್ತಡ 1.1 ರಿಂದ 0.7 ಬಾರ್‌ಗೆ ಇಳಿದು, ಮತ್ತೆ ಏರಲು ಎರಡು ನಿಮಿಷ ಕಾಯಬೇಕು. ಆದುದರಿಂದ ಮೇಳದ ಪಟ್ಟಿಯಿಂದ ಹಾಲು ಹೆಚ್ಚು ಬೇಡುವ ದೊಡ್ಡ ಲೋಟದ ಲಾಟೆಯನ್ನು ಅಲ್ಲೇ ಹೊಡೆದುಹಾಕಿ, 150 ಮಿಲಿಲೀಟರಿನ ಕ್ಯಾಪುಚಿನೊ ಮಾತ್ರ ಇಟ್ಟುಕೊಂಡೆ.

ಹಂತ 4: ನಲ್ಲಿ ಇಲ್ಲದ ಕಡೆ ನೀರು (ಜನವರಿ 10 ರಿಂದ 17)

ಮಳಿಗೆಯಲ್ಲಿ ನಲ್ಲಿಯೂ ಇಲ್ಲ, ಬಚ್ಚಲೂ ಇಲ್ಲ. 20 ಲೀಟರಿನ ಕ್ಯಾನಿನಿಂದ ನೀರು ಎಳೆದು, ಕೊಳೆನೀರನ್ನು ಬಕೆಟ್ಟಿಗೆ ಬಿಡಬೇಕು. ಇಡೀ ಕೆಲಸದಲ್ಲಿ ಅತಿ ಹೆಚ್ಚು ಸಮಯ ತಿಂದದ್ದು ಇದೇ.

ಮೊದಲ ಪ್ರಯತ್ನ: ಕ್ಯಾನನ್ನು ಮೇಜಿನ ಕೆಳಗಿಟ್ಟು, ಯಂತ್ರದ ಪಂಪೇ ನೇರವಾಗಿ ಎಳೆದುಕೊಳ್ಳಲೆಂದು ಕೊಳವೆ ಇಳಿಬಿಟ್ಟೆ. ಪಂಪು ಕಲ್ಲು ಅರೆದಂತೆ ಸದ್ದು ಮಾಡಿತು, ಒತ್ತಡದ ಮುಳ್ಳು 5 ಮತ್ತು 7 ಬಾರ್‌ಗಳ ನಡುವೆ ನಡುಗಿತು. ಕೆಳಗಿನಿಂದ ಎಳೆಯುವಾಗ ಪಂಪಿಗೆ ನೀರು ಸಾಲದೆ ಗುಳ್ಳೆ ಏಳುತ್ತದೆ. ಹೀಗೆ ಎರಡು ದಿನ ಓಡಿಸಿದರೆ ಪಂಪು ಹಾಳಾಗುತ್ತದೆ. ಹತ್ತೇ ನಿಮಿಷಕ್ಕೆ ನಿಲ್ಲಿಸಿದೆ.

ಎರಡನೆಯ ಪ್ರಯತ್ನ: ನಮ್ಮ ಕಡೆ ಮೆಣಸಿನಕಾಯಿ, ಹತ್ತಿ ಬೆಳೆಯುವವರು ಬೆನ್ನಿಗೆ ಹೊರುವ ಬ್ಯಾಟರಿ ಸ್ಪ್ರೇಯರಿನ 12 ವೋಲ್ಟಿನ ಪಂಪು ಕೃಷಿ ಸಾಮಗ್ರಿ ಅಂಗಡಿಗಳಲ್ಲಿ ಬಿಡಿಯಾಗಿ ಸಿಗುತ್ತದೆ. ಹೊಚ್ಚಹೊಸದನ್ನೇ 750 ರೂಪಾಯಿಗೆ ತಂದೆ. ಒತ್ತಡವೇನೋ ಚೆನ್ನಾಗಿ ಬಂತು, ಆದರೆ ನೀರಿಗೆ ಸೈಕಲ್ಲು ಟ್ಯೂಬಿನ ವಾಸನೆ ಹತ್ತಿತು. ಮೂರು ದಿನ ನೀರು ಹರಿಸಿದರೂ ಹೋಗಲಿಲ್ಲ. ಕುಡಿಯುವ ನೀರಿಗೆಂದು ಮಾಡದ ವಸ್ತುವನ್ನು ಕುಡಿಯುವ ನೀರಿಗೆ ಬಳಸಬಾರದೆಂಬುದು ತಿಳಿಯದ ವಿಷಯವೇನಲ್ಲ. ಎರಡು ಸಾವಿರ ಉಳಿಸುವ ಆಸೆ. ಆ ಪಂಪನ್ನು ನಂತರ ಅಂಗಡಿಯ ಹುಡುಗ ತನ್ನ ಊರಿನ ಹೊಲಕ್ಕೆ ಒಯ್ದ.

ಮೂರನೆಯದು: ಕುಡಿಯುವ ನೀರಿಗೆಂದೇ ಮಾಡಿದ 12 ವೋಲ್ಟಿನ ಡಯಾಫ್ರಾಮ್ ಪಂಪು, ನಿಮಿಷಕ್ಕೆ 4.3 ಲೀಟರು, 35 ಪಿಎಸ್‌ಐ (ಸುಮಾರು 2.4 ಬಾರ್) ಒತ್ತಡ ಮುಟ್ಟಿದಾಗ ತಾನೇ ನಿಲ್ಲುವಂಥದ್ದು, 2,850 ರೂಪಾಯಿ. ಇದು ಸರಿಹೋಯಿತು, ಆದರೆ ಪ್ರತಿ ಶಾಟಿಗೂ (ಒಮ್ಮೆಗೆ ಇಳಿಸುವ ಎಸ್ಪ್ರೆಸ್ಸೊಗೂ) ಟಕಟಕ ಎಂದು ಹತ್ತುಸಲ ಹತ್ತಿ ಆರುತ್ತಿತ್ತು. ಮನೆಯ ಆರ್‌ಓ ಯಂತ್ರದ ಕೆಳಗೆ ಇಡುವ ಸಣ್ಣ ಒತ್ತಡದ ಟ್ಯಾಂಕನ್ನು ನಡುವೆ ಕೂಡಿಸಿದಾಗ ಆ ಟಕಟಕ ನಿಂತಿತು. ಟ್ಯಾಂಕಿಗೆ 1,200, ಅಡಾಪ್ಟರಿಗೆ 450, ಸ್ಟೀಲು ಹೆಣೆದ ಕೊಳವೆ ಮತ್ತು ಫಿಟ್ಟಿಂಗಿಗೆ 1,330. ಟೆಫ್ಲಾನ್ ಟೇಪನ್ನು ತಿರುಪಿನ ದಿಕ್ಕಿಗೇ ಸುತ್ತಬೇಕೆಂಬುದನ್ನು ಎರಡು ಸೋರಿಕೆಗಳು ನೆನಪಿಸಿದವು.

ಇಲ್ಲೊಂದು ತಪ್ಪು ನನ್ನನ್ನು ಎರಡು ಗಂಟೆ ಕುಣಿಸಿತು. ಹೊಸ ಪಂಪು ಕೂಡಿಸಿದ ಮೇಲೆ ಕಾಫಿ ಒಂದೆಡೆ ಕಹಿ, ಒಂದೆಡೆ ನೀರು ನೀರು. ಪುಡಿಯಲ್ಲಿ ನೀರು ಒಂದೇ ಕಡೆ ಸೀಳಿಕೊಂಡು ಇಳಿಯುತ್ತಿತ್ತು. ಗ್ರೈಂಡರನ್ನು ದೂರಿ ಅದರ ಬೀಸುವ ಹಲ್ಲುಬಿಲ್ಲೆಗಳಾದ ಬರ್ರುಗಳನ್ನು ಬಿಚ್ಚಿ ತೊಳೆದೆ, ಪುಡಿಯನ್ನು ಅದುಮುವ ಟ್ಯಾಂಪರು ಬದಲಿಸಿದೆ. ಕೊನೆಗೆ ತಲೆಯೆತ್ತಿ ಮುಳ್ಳು ನೋಡಿದರೆ 10.8 ಬಾರ್. ಮೊದಲು ಅಂಗಡಿಯ ಮಾಳಿಗೆಯ ಟ್ಯಾಂಕಿನಿಂದ ನೀರು ಬರುತ್ತಿದ್ದಾಗ 9 ಬಾರ್‌ಗೆ ಹೊಂದಿಸಿದ್ದ ಪಂಪಿಗೆ ಈಗ ಹಿಂದಿನಿಂದ ಎರಡು ಬಾರ್‌ಗೂ ಹೆಚ್ಚಿನ ಒತ್ತಡ ಸಿಗುತ್ತಿತ್ತು, ಆ ಹೆಚ್ಚಳವೇ ಮುಂದೆ ಬರುತ್ತಿತ್ತು. ಪಂಪಿನ ಬದಿಯ ತಿರುಪನ್ನು ಅರ್ಧ ಸುತ್ತಿಗಿಂತ ತುಸು ಹೆಚ್ಚು ಸಡಿಲಿಸಿದಾಗ 9ಕ್ಕೆ ಬಂತು, ಕಾಫಿಯೂ ದಾರಿಗೆ ಬಂತು. ತೂಕ 18 ಗ್ರಾಂ ಪುಡಿ, ಲೋಟಕ್ಕೆ 36 ಗ್ರಾಂ, 28 ಸೆಕೆಂಡು. ಇದನ್ನು ಗೋಡೆಯ ಮೇಲೆ ಬರೆದಿಟ್ಟೆ.

ನೀರಿನ ಗುಣದ ಮಾತು. ಬೋರಿನ 1,140 ಟಿಡಿಎಸ್ ಬಾಯ್ಲರನ್ನು ಕೊಲ್ಲುತ್ತದೆ. ಕ್ಯಾನಿನ ಆರ್‌ಓ ನೀರು 28, ಅದರಲ್ಲಿ ಕಾಫಿ ಬರಿ ಹುಳಿಯಾಗಿ, ತೆಳುವಾಗಿ ಬರುತ್ತದೆ. ಕಾಫಿಯವರು ಒಪ್ಪುವ ಗುರಿ ಸುಮಾರು 150. ಆದ್ದರಿಂದ ನಾವು ಅಂಗಡಿಯಲ್ಲಿ 18 ಲೀಟರು ಆರ್‌ಓ ನೀರಿಗೆ 2 ಲೀಟರು ಬೋರಿನ ನೀರು ಬೆರೆಸುತ್ತೇವೆ, 140ರ ಹತ್ತಿರ ಬರುತ್ತದೆ. ಪರೀಕ್ಷೆಗಳನ್ನೆಲ್ಲ ನಾನು ಈ ನೀರಿನಲ್ಲೇ ಮಾಡಿದೆ. ಬಳ್ಳಾರಿಯಿಂದ ಬೆಂಗಳೂರಿಗೆ ಬೋರಿನ ನೀರು ಒಯ್ಯುವುದೇ ಎಂದು ಅಂಗಡಿಯಲ್ಲಿ ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ನಗೆಯ ಬೆಲೆ ಹಂತ 7ರಲ್ಲಿದೆ.

ಹಂತ 5: ಮೇಜು (ಜನವರಿ 13 ರಿಂದ 22)

ಕೌಲ್ ಬಜಾರಿನ ವೆಲ್ಡಿಂಗ್ ಅಂಗಡಿಯ ಚಾಚಾ ನಮ್ಮ ಅಂಗಡಿಯ ಕುರ್ಚಿಗಳನ್ನೆಲ್ಲ ಮಾಡಿಕೊಟ್ಟವರು. ಒಂದೂವರೆ ಇಂಚಿನ ಸ್ಕ್ವೇರ್ ಪೈಪು, 16 ಗೇಜು, ಐದು ಅಡಿ ಉದ್ದ, ಎರಡು ಅಡಿ ಅಗಲ, 36 ಇಂಚು ಎತ್ತರ. ಬೋಲ್ಟು ಬಿಚ್ಚಿದರೆ ನಾಲ್ಕು ಚೌಕಟ್ಟುಗಳಾಗಿ ಟಾಟಾ ಏಸ್ ಗಾಡಿಯಲ್ಲಿ ಮಲಗಬೇಕು. ಮೇಲೆ 18 ಮಿಲಿಮೀಟರಿನ ನೀರು ತಡೆಯುವ ಪ್ಲೈವುಡ್ಡು. ಪೈಪು ಮತ್ತು ಕೂಲಿ 5,200, ಪ್ಲೈ 2,900. ಸಂಕ್ರಾಂತಿಗೆ ಪ್ಲೈವುಡ್ಡಿನ ಅಂಗಡಿ ಮುಚ್ಚಿದ್ದರಿಂದ ಎರಡು ದಿನ ಹೋಯಿತು.

ಸುಲಭವಾಗಿ ತಳ್ಳಬಹುದೆಂದು ನಾನು ಗಾಲಿ ಹಾಕಿಸಿದೆ. "ಗಾಲಿ ಬ್ಯಾಡ ಬೇಟಾ, ನೀ ಹ್ಯಾಂಡಲ್ ತಿರುವಿದಾಗೆಲ್ಲ ಇದೂ ತಿರುಗ್ತೈತಿ" ಎಂದು ಚಾಚಾ ಮೊದಲೇ ಹೇಳಿದ್ದರು. ಬ್ರೇಕು ಇರುವ ಗಾಲಿ ಎಂದು ನಾನು ವಾದಿಸಿದೆ. ಯಂತ್ರ ಏರಿಸಿ ಮೊದಲ ಹ್ಯಾಂಡಲು ಬಿಗಿದಾಗ, ಬ್ರೇಕು ಹಾಕಿದ್ದ ಗಾಲಿಗಳ ಮೇಲೇ ಮೇಜು ಮೂರು ಇಂಚು ಪಕ್ಕಕ್ಕೆ ಸರಿಯಿತು. 640 ರೂಪಾಯಿಯ ಗಾಲಿಗಳನ್ನು ಕಿತ್ತು, 240 ರೂಪಾಯಿಗೆ ಎತ್ತರ ಹೊಂದಿಸುವ ಬೋಲ್ಟುಗಳನ್ನು ಕೆಳಗೆ ಹಾಕಿಸಿದೆ. ಚಾಚಾ ಏನೂ ಹೇಳಲಿಲ್ಲ, ಚಹಾ ತರಿಸಿದರು. ಎತ್ತರವೂ ತಪ್ಪಾಗಿತ್ತು. 36 ಇಂಚಿನಲ್ಲಿ ಟ್ಯಾಂಪರು ಒತ್ತುವಾಗ ನನ್ನ ಮೊಣಕೈ ಮೇಲೇರುತ್ತಿತ್ತು. ಇಪ್ಪತ್ತು ಶಾಟಿಗೆ ಭುಜ ಹಿಡಿಯಿತು. ಎರಡು ಇಂಚು ಕೊಯ್ಯಿಸಿದೆ.

ಹಂತ 6: ಪ್ರಯಾಣ (ಜನವರಿ 27 ರಾತ್ರಿ)

ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ನಾನು ಮಲಗಿಕೊಂಡು ಹೋಗಿ, ಯಂತ್ರವನ್ನು ಬೇರೆ ಕಳುಹಿಸಬಹುದಿತ್ತು. ಯಂತ್ರವನ್ನು ಒಂಟಿಯಾಗಿ ಬಿಡಲು ಮನಸ್ಸಾಗಲಿಲ್ಲ. ಚಳ್ಳಕೆರೆ, ಹಿರಿಯೂರು, ಶಿರಾ, ತುಮಕೂರಿನ ಮೇಲೆ ಮುನ್ನೂರು ಕಿಲೊಮೀಟರಿಗೂ ಹೆಚ್ಚು ದಾರಿ, ರಾತ್ರಿ ಒಂಬತ್ತಕ್ಕೆ ಹೊರಟು ಬೆಳಗಿನ ಐದೂವರೆಗೆ ತಲುಪಿದೆವು. ಬಾಡಿಗೆ ಹೋಗಲು 11,000, ಹಿಂದಿರುಗುವಾಗ ಬಳ್ಳಾರಿಗೆ ಸರಕು ತರುವ ಗಾಡಿ ಸಿಕ್ಕಿ 6,500.

ಯಂತ್ರಕ್ಕೆ ಹಾಸಿಗೆಯಾಗಿ ಜೀನ್ಸ್ ಹೊಲಿಯುವ ಘಟಕದಿಂದ ಬಟ್ಟೆ ಕತ್ತರಿಸಿ ಉಳಿದ ಚೂರುಗಳ ನಾಲ್ಕು ಮೂಟೆ ತಂದಿದ್ದೆ. ಬಳ್ಳಾರಿಯಲ್ಲಿ ಇದಕ್ಕೆ ಬರವಿಲ್ಲ. ಪರಿಚಯದವರು ದುಡ್ಡು ಕೇಳಲಿಲ್ಲ. ಥರ್ಮಾಕೋಲಿಗಿಂತ ಇದು ನೂರು ಪಾಲು ಮೇಲು ಎಂದು ಖಂಡಿತವಾಗಿ ಹೇಳಬಲ್ಲೆ. ಯಂತ್ರಕ್ಕೆ ಒಂದು ಗೀರೂ ಬೀಳಲಿಲ್ಲ. ಬಾಯ್ಲರಿನ ನೀರನ್ನು ಪೂರ್ತಿ ಇಳಿಸಿದ್ದೆ, ಹ್ಯಾಂಡಲುಗಳನ್ನು ಕಳಚಿ ಬೇರೆ ಇಟ್ಟಿದ್ದೆ. ಆದರೆ ಹೊರಡುವ ಮೊದಲು ನಟ್ಟುಗಳನ್ನೆಲ್ಲ ಬಿಗಿದು ಅವುಗಳ ಮೇಲೆ ಪೇಂಟಿನ ಗೆರೆ ಎಳೆದಿಟ್ಟಿದ್ದರೆ ಯಾವುದು ಸಡಿಲವಾಯಿತೆಂದು ಕಣ್ಣಿಗೇ ಕಾಣುತ್ತಿತ್ತು. ಹಾಗೆ ಮಾಡಿರಲಿಲ್ಲ. ಪಂಪಿಗೆ ನೀರು ಬರುವ ನಟ್ಟು ದಾರಿಯ ಕುಲುಕಾಟಕ್ಕೆ ಸಡಿಲಗೊಂಡು, ಜೋಡಿಸುವ ದಿನ ಮಳಿಗೆಯ ಬಾಡಿಗೆ ರತ್ನಗಂಬಳಿ ತೊಯ್ದ ಮೇಲೆ ಅದು ಗೊತ್ತಾಯಿತು.

ಹಂತ 7: ಮೇಳದ ಮೊದಲ ದಿನ (ಜನವರಿ 29)

ಬೆಳಿಗ್ಗೆ ಎಂಟಕ್ಕೆ ಯಂತ್ರ ಹಚ್ಚಿದೆ. ಮೇಳದವರು ಕೊಟ್ಟ ಕ್ಯಾನಿನ ನೀರು, ನಮ್ಮ ಪಂಪು, ನಮ್ಮ ಟ್ಯಾಂಕು. ಒಂಬತ್ತೂವರೆಗೆ ಹಾಲು ಕಾಯಿಸಲು ಹಬೆ ಬಿಟ್ಟರೆ ಕೊಳವೆಯಿಂದ ಹಬೆಯ ಬದಲು ಕುದಿನೀರು ಉಗುಳಿತು. ಬಾಯ್ಲರು ಕಂಠಪೂರ್ತಿ ತುಂಬಿತ್ತು, ಇನ್ನೂ ತುಂಬುತ್ತಲೇ ಇತ್ತು. ವಿದ್ಯುತ್ತಿನಿಂದ ತೆರೆದು ಮುಚ್ಚಿ ನೀರು ತುಂಬಿಸುವ ಸೊಲೆನಾಯ್ಡ್ ವಾಲ್ವಿನಲ್ಲಿ ಸುಣ್ಣದ ಚಕ್ಕೆ ಸಿಕ್ಕಿ ತೆರೆದೇ ಉಳಿದಿದೆ ಎಂದು ನಾನು ತೀರ್ಮಾನಿಸಿದೆ. ಹಂತ 2ರ ಪಾಪಪ್ರಜ್ಞೆ ಇನ್ನೂ ಹೋಗಿರಲಿಲ್ಲವಲ್ಲ. ಯಂತ್ರ ಆರಿಸಿ, ಬಿಸಿ ತಗ್ಗಿಸಿ, ವಾಲ್ವು ಬಿಚ್ಚಿದೆ. ಅದು ಕನ್ನಡಿಯಂತಿತ್ತು. ಮತ್ತೆ ಕೂಡಿಸಿದೆ, ಮತ್ತೆ ತುಂಬಿತು. ಸಾಹುಕಾರರು ಹಿಂದೆ ಕೈಕಟ್ಟಿ ನಿಂತಿದ್ದರು. ಎದುರಿಗೆ ಜನ ಬರತೊಡಗಿದ್ದರು.

ಒಂದು ಗಂಟೆ ನಲವತ್ತು ನಿಮಿಷ ಕಳೆದ ಮೇಲೆ ಟಿಡಿಎಸ್ ಮೀಟರನ್ನು ಕ್ಯಾನಿಗೆ ಅದ್ದಿದೆ. 14.

ಬಾಯ್ಲರಿನೊಳಗೆ ಇಳಿಬಿಟ್ಟಿರುವ ಒಂದು ಲೋಹದ ಕಡ್ಡಿ ನೀರಿನ ಮಟ್ಟವನ್ನು ತಿಳಿಯುತ್ತದೆ. ನೀರು ಕಡ್ಡಿಗೆ ತಾಗಿದಾಗ ನೀರಿನ ಮೂಲಕ ಬಾಯ್ಲರಿನ ಮೈಗೆ ಸಣ್ಣ ವಿದ್ಯುತ್ತು ಹರಿಯಬೇಕು; ಹರಿದರೆ ತುಂಬುವುದು ನಿಲ್ಲುತ್ತದೆ. ಲವಣವೇ ಇಲ್ಲದಷ್ಟು ಶುದ್ಧವಾದ ನೀರಿನಲ್ಲಿ ಆ ವಿದ್ಯುತ್ತು ಸಾಕಷ್ಟು ಹರಿಯುವುದಿಲ್ಲ. ಯಂತ್ರಕ್ಕೆ ತನ್ನ ಹೊಟ್ಟೆ ತುಂಬಿದ್ದೇ ತಿಳಿಯುವುದಿಲ್ಲ. ಬಳ್ಳಾರಿಯಲ್ಲಿ ಯಾವತ್ತೂ ಈ ತೊಂದರೆ ಬಂದಿರಲಿಲ್ಲ, ಏಕೆಂದರೆ ನಮ್ಮ ಸವಳು ನೀರಿಗೆ ಲವಣದ ಕೊರತೆ ಬಂದದ್ದೇ ಇಲ್ಲ. ಎರಡು ಲೀಟರು ಬೋರಿನ ನೀರು ಒಯ್ದಿದ್ದರೆ ಒಂದು ಕ್ಯಾನಂತೂ ಸರಿಹೋಗುತ್ತಿತ್ತು. ಕ್ಯಾನನ್ನು ಹಿಂದಿನ ದಿನವೇ ಅಳೆದಿದ್ದರೆ ಇಡೀ ಬೆಳಗ್ಗೆ ಉಳಿಯುತ್ತಿತ್ತು. ಮೀಟರು ನನ್ನ ಕಿಸೆಯಲ್ಲೇ ಇತ್ತು.

ಪರಿಹಾರ ನನ್ನ ನೋಟುಬುಕ್ಕಿನಲ್ಲೇ ಬಹಳ ಹಿಂದೆ ಬರೆದುಕೊಂಡದ್ದಾಗಿತ್ತು: 20 ಲೀಟರು ಶುದ್ಧ ನೀರಿಗೆ 2 ಗ್ರಾಂ ಎಪ್ಸಮ್ ಸಾಲ್ಟು (ಮೆಗ್ನೀಸಿಯಂ ಸಲ್ಫೇಟ್), 1 ಗ್ರಾಂ ಅಡುಗೆ ಸೋಡಾ. ಹುಡುಗನನ್ನು ಓಡಿಸಿದೆ. ಎರಡು ಮೆಡಿಕಲ್ ಶಾಪುಗಳಲ್ಲಿ ಕಾಲು ನೆನೆಸಲು ಬಳಸುವ ಸುಗಂಧದ ಪೊಟ್ಟಣ ಮಾತ್ರ ಇತ್ತು. ಮೂರನೆಯದರಲ್ಲಿ ಐಪಿ ಎಂದು ಮುದ್ರಿಸಿದ್ದ ಔಷಧ ದರ್ಜೆಯದು ಸಿಕ್ಕಿತು. ಎರಡೂ ಸೇರಿ 95 ರೂಪಾಯಿ. ಕಾಫಿ ತೂಗುವ ತಕ್ಕಡಿಯಲ್ಲೇ ತೂಗಿ, ಒಂದು ಲೋಟ ನೀರಿನಲ್ಲಿ ಒಂದೊಂದನ್ನೂ ಬೇರೆಬೇರೆ ಕರಗಿಸಿ ಕ್ಯಾನಿಗೆ ಸುರಿದೆ. ಮೀಟರು 118 ತೋರಿಸಿತು. ಬಾಯ್ಲರನ್ನು ಪೂರ್ತಿ ಇಳಿಸಿ ಹೊಸ ನೀರು ತುಂಬಿಸಿದೆ. ಸರಿಯಾದ ಮಟ್ಟಕ್ಕೆ ಬಂದು ತಾನಾಗಿ ನಿಂತಿತು. ಮೊದಲ ಕಾಫಿ ಕೊಟ್ಟದ್ದು ಹನ್ನೆರಡು ಗಂಟೆ ಹತ್ತು ನಿಮಿಷಕ್ಕೆ.

ಆಮೇಲೆ ಶಾಟು 21 ಸೆಕೆಂಡಿಗೇ ಓಡಿತು. ಗೋಡೆಯ ಮೇಲೆ ಬರೆದಿಟ್ಟ 28 ಬಳ್ಳಾರಿಯ ಗೋಡೆಯ ಮೇಲೇ ಉಳಿಯಿತು. ಅಲ್ಲಿ ಹುರಿದು ಐದು ದಿನವಾಗಿದ್ದ ಬೀಜಕ್ಕೆ ಈಗ ಹದಿನಾರು ದಿನವಾಗಿತ್ತು. ಗ್ರೈಂಡರನ್ನು ಎರಡು ಗೆರೆ ಸಣ್ಣಕ್ಕೆ ತಂದು 27ಕ್ಕೆ ಹಿಡಿದೆ. ಆ ದಿನ 140 ಶಾಟು.

ಸಂಜೆ ಕೊಳೆನೀರು ಟ್ರೇಯಿಂದ ಉಕ್ಕಿತು. ಬಕೆಟ್ಟು ಅರ್ಧ ಖಾಲಿಯೇ ಇತ್ತು. ಕೊಳವೆ ಮೇಜಿನ ಅಡ್ಡಪಟ್ಟಿಯ ಮೇಲೆ ಹಾದು ಒಂದು ಕಡೆ ಎರಡು ಇಂಚು ಮೇಲೇರಿ ಇಳಿಯುತ್ತಿತ್ತು. ಆ ಉಬ್ಬಿನ ಹಿಂದೆ ಕಾಫಿಯ ಗಷ್ಟು ಕೂತು ಕಟ್ಟಿಕೊಂಡಿತ್ತು. ಕೊಳವೆಯನ್ನು ಪಟ್ಟಿಯ ಕೆಳಗಿನಿಂದ ತಂದು, ಉದ್ದಕ್ಕೂ ಇಳಿಜಾರು ಮಾಡಿ, ಪ್ಲಾಸ್ಟಿಕ್ ಟೈ ಬಿಗಿದೆ.

ಹಂತ 8: ಎರಡನೆಯ ಮತ್ತು ಮೂರನೆಯ ದಿನ

ಯಂತ್ರ ತೊಂದರೆ ಕೊಡಲಿಲ್ಲ. ಎರಡನೆಯ ದಿನ 205 ಶಾಟು, ಮೂರನೆಯ ದಿನ 160. ದಿನಕ್ಕೆ ಮೂರು ಕ್ಯಾನು ನೀರು, ಪ್ರತಿ ಕ್ಯಾನಿಗೂ ಮೊದಲು ಮೀಟರು, ಆಮೇಲೆ ಉಪ್ಪು.

ನಾನು ಎಣಿಸದೆ ಇದ್ದದ್ದು ಬೇರೊಂದು. ಸಾಹುಕಾರರ ಬೀಜ ಎಸ್. 795, ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ 1940ರ ದಶಕದಲ್ಲಿ ಬಿಡುಗಡೆ ಮಾಡಿದ ಹಳೆಯ ಅರೇಬಿಕಾ ತಳಿ, ಅದನ್ನು ಕೊಳ್ಳಲು ಬಂದ ರೋಸ್ಟರುಗಳು, ಅಂದರೆ ಬೀಜ ಹುರಿದು ಮಾರುವವರು, ಎಸ್ಪ್ರೆಸ್ಸೊ ಕುಡಿದು ತಲೆಯಾಡಿಸಿ, "ಕಪ್ಪಿಂಗ್ ಇದೆಯೇ?" ಎಂದು ಕೇಳುತ್ತಿದ್ದರು. ಕಾಫಿ ಪುಡಿಗೆ ಬಿಸಿನೀರು ಸುರಿದು ಚಮಚದಲ್ಲಿ ಹೀರಿ ನೋಡುವ ಆ ಸರಳ ಪರೀಕ್ಷೆಗೆ ನಾನು ತಯಾರಾಗಿಯೇ ಬಂದಿರಲಿಲ್ಲ. ಪಕ್ಕದ ಮಳಿಗೆಯವರಿಂದ ಹತ್ತು ಬಟ್ಟಲು ಕಡ ತಂದು, 200 ಮಿಲಿಲೀಟರಿಗೆ 11 ಗ್ರಾಂ ಪುಡಿ ಹಾಕಿ, ನಾಲ್ಕು ನಿಮಿಷಕ್ಕೆ ಮೇಲಿನ ಪದರ ಒಡೆದು ಕೊಟ್ಟೆ. ಇದರಲ್ಲಿಯೂ ಒಂದು ಪೇಚು: ಬಳ್ಳಾರಿಯಲ್ಲಿ ನಾನು ಕೆಟಲನ್ನು 98 ಡಿಗ್ರಿಗೆ ಇಡುತ್ತೇನೆ. ಬೆಂಗಳೂರು ಒಂಬೈನೂರು ಮೀಟರಿಗೂ ಎತ್ತರದಲ್ಲಿರುವುದರಿಂದ ನೀರು 97ರ ಹತ್ತಿರವೇ ಕುದಿಯುತ್ತದೆ; ಕೆಟಲು 98ನ್ನು ಮುಟ್ಟಲಾರದೆ, ಆರಲೂ ಆರದೆ ಕುದಿಯುತ್ತಲೇ ಇತ್ತು. ಅರ್ಧ ಕೆಟಲು ಆವಿಯಾದ ಮೇಲೆ 95ಕ್ಕೆ ಇಳಿಸಿದೆ. ಮೂರನೆಯ ದಿನ ನಾಲ್ಕು ಸುತ್ತು ಕಪ್ಪಿಂಗ್ ಆಯಿತು. ಸಾಹುಕಾರರು ಬೆಲೆಯ ಮಾತಾಡಿದ್ದೆಲ್ಲ ಆ ಬಟ್ಟಲುಗಳ ಸುತ್ತಲೇ, 64 ಕಿಲೊ ಯಂತ್ರದ ಮುಂದೆ ನಿಂತವರು ಹೆಚ್ಚಾಗಿ "ಫಿಲ್ಟರ್ ಕಾಫಿ ಇಲ್ಲವೇ?", "ಸಕ್ಕರೆ ಎಲ್ಲಿ?" ಎಂದು ಕೇಳಿದವರು.

ಲೆಕ್ಕ

ಸುಣ್ಣ ತೆಗೆಯಲು 160, ಗ್ಯಾಸ್ಕೆಟ್ಟು 1,420, ವಾಲ್ವು 900, ಸ್ಪ್ರೇಯರ್ ಪಂಪು 750, ನೀರಿನ ವ್ಯವಸ್ಥೆ 5,830, ಮೇಜು 8,980, ವಿದ್ಯುತ್ತು 2,160, ಗಾಡಿ 17,500, ಮೀಟರು, ಉಪ್ಪು ಮತ್ತು ಬಕೆಟ್ಟು 825. ಒಟ್ಟು 38,525 ರೂಪಾಯಿ. ಇದರಲ್ಲಿ ತಪ್ಪು ಗ್ಯಾಸ್ಕೆಟ್ಟು ಮತ್ತು ಅದರ ಕೊರಿಯರು, ಸ್ಪ್ರೇಯರ್ ಪಂಪು, ಗಾಲಿ ಸೇರಿ 2,100 ನನ್ನ ದಡ್ಡತನದ ಬಾಬ್ತು. ಬಾಡಿಗೆ ಯಂತ್ರ ತಂದಿದ್ದರೆ ತೆರಿಗೆ ಸೇರಿ 42,480 ಆಗುತ್ತಿತ್ತು. 3,955 ರೂಪಾಯಿ ಉಳಿಯಿತು, ನಾಲ್ಕು ವಾರದ ರಾತ್ರಿಗಳ ಕೂಲಿಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ. ಮೇಜು, ಪಂಪು, ಟ್ಯಾಂಕು ಕೈಯಲ್ಲಿವೆ.

ಈಗಿನ ಸ್ಥಿತಿ (ಫೆಬ್ರವರಿ 9)

ಯಂತ್ರ ಮತ್ತೆ ಹಿಂದಿನ ಕೋಣೆಯಲ್ಲಿದೆ, ಈ ಸಲ ಗೋಣಿಚೀಲದ ಬದಲು ಜೀನ್ಸಿನ ಚೂರುಗಳ ಮೇಲೆ. ಬಾಯ್ಲರು ಖಾಲಿ, ಮುಚ್ಚಳದ ಬೋಲ್ಟುಗಳಿಗೆ ಐದು ದಿನದಿಂದ ತುಕ್ಕು ಬಿಡಿಸುವ ಎಣ್ಣೆ ಬಿಡುತ್ತಿದ್ದೇನೆ. ಎಂಟರಲ್ಲಿ ಆರು ಬಿಚ್ಚಿವೆ. ಏಳನೆಯದರ ತಲೆ ನಿನ್ನೆ ಮುರಿಯಿತು. ಡ್ರಿಲ್ಲು ತೆಗೆದುಕೊಂಡು ನಾಳೆ ಬರುತ್ತೇನೆಂದು ಚಾಚಾ ಹೇಳಿದ್ದಾರೆ.